ಮೂರು ಸೊನ್ನೆಯ ಬಿಡುವು

ನನ್ನ ಸೋದರಮಾವ ಕಂಪ್ಯೂಟರ್ ರಿಪೇರಿಯವರು. ಮೂವತ್ತು ವರ್ಷದಿಂದ ಕೆಟ್ಟ ಪೆಟ್ಟಿಗೆಗಳ ಹೊಟ್ಟೆ ಬಿಚ್ಚುತ್ತಲೇ ಇದ್ದಾರೆ. ಹತ್ತು ವರ್ಷದಿಂದ ಪಕ್ಕದ ಮೇಜಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೇನೆ. ಮಾತ್ರೆ ಇಡುವ ಖಾನೆ ಡಬ್ಬಿಯೊಂದರಲ್ಲಿ ಅವರು ಪ್ರೊಸೆಸರ್‌ಗಳನ್ನು ತಲೆಮಾರಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಕೀಬೋರ್ಡ್ ಸರಿಮಾಡಿಸಲು ಬಂದ ಗಿರಾಕಿಗೂ ಡಬ್ಬಿಯ ದರ್ಶನವಾಗದೆ ಬಿಡುಗಡೆಯಿಲ್ಲ. "ಇದು ಅಜ್ಜ. ಒಳಗೆ ಕೆಲವೇ ಲಕ್ಷ ಸ್ವಿಚ್ಚು. ಇದು ಮರಿಮಗ. ಇದರ ಒಳಗೆ ನೂರಾರು ಕೋಟಿ. ಅದೂ ಉಗುರಿನಷ್ಟಗಲ ಜಾಗದಲ್ಲಿ ರೀ" ಎನ್ನುವಾಗ, ಮಲಗಿದ ಮಗುವಿನ ಹತ್ತಿರ ಮಾತಾಡಿದ ಹಾಗೆ ಅವರ ದನಿ ತಗ್ಗುತ್ತದೆ.

ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಮುದ್ರಣ ಯಂತ್ರವನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಕಳೆದ ವರ್ಷ ಸುಟ್ಟುಹೋಯಿತು. ಮರುದಿನ ಬೆಳಿಗ್ಗೆ ಹನ್ನೆರಡು ಮಕ್ಕಳಿಗೆ ಕೊನೆಯ ಪರೀಕ್ಷೆ. ಪ್ರಶ್ನೆಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ. ಆಗದಿದ್ದರೆ ಅವರ ವರ್ಷವೇ ಹಾಳು. ಮಾವ ನನ್ನನ್ನೂ ಅಲ್ಲಿಗೆ ಕರೆದೊಯ್ದು, ಹೊಚ್ಚಹೊಸ ಪ್ರೊಸೆಸರ್ ಇರುವ ಕಂಪ್ಯೂಟರ್ ಜೋಡಿಸಿ, ಹಳೆಯ ಪ್ರೋಗ್ರಾಮನ್ನೇ ಹಾಕಿ, ಮೀಸೆ ತಿರುವಿದರು. ಆ ಪ್ರೋಗ್ರಾಮ್ ಅವರೇ ಹರೆಯದಲ್ಲಿ ಬರೆದದ್ದು.

ಯಂತ್ರದ ಕೆಲಸ ಸರಳ. ಸೂಜಿಗಳು ಕಾಗದಕ್ಕೆ ಒಂದು ಸಾಲು ಚುಕ್ಕಿ ಒತ್ತಬೇಕು, ಕಾಗದ ಸರಿಯಬೇಕು, ಮತ್ತೆ ಒತ್ತಬೇಕು. ಮೊದಲ ಹಾಳೆಯ ಮೇಲೆ, ಶಾಲೆಯಲ್ಲಿ ಕರಡು ತಿದ್ದುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಬೆರಳಾಡಿಸಿದರು. ಹುಟ್ಟಿನಿಂದಲೇ ಅವರಿಗೆ ಕಣ್ಣಿಲ್ಲ.

"ತಮ್ಮಾ, ಸಾಲಿನ ಮೇಲೆ ಸಾಲು ಬಿದ್ದಿದೆ. ಒಂದಕ್ಷರ ಓದೋಕಾಗಲ್ಲ."

"ಕಂಪ್ಯೂಟರ್ ಹೊಸದಲ್ವಾ ಅಕ್ಕಾ, ಅದು ತಪ್ಪು ಮಾಡಲ್ಲ" ಎಂದರು ಮಾವ.

"ಹಳೇದು ಸಾಲು ಮುಗಿದ ಮೇಲೆ ಒಂದು ಉಸಿರು ತಗೋತಿತ್ತು. ಇದು ತಗೊಳ್ಳಲ್ಲ. ಕೇಳು."

ಮಾವ ಕೇಳಿದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಕಾಗದ ಸರಿಯುವವರೆಗೆ ಕಾಯಲು ಅವರು ಅಂದು ಹೂಡಿದ್ದ ಉಪಾಯ, ಕಣ್ಣಾಮುಚ್ಚಾಲೆಯಲ್ಲಿ ಮಕ್ಕಳು ಮಾಡುವುದೇ: ಹತ್ತು ಸಾವಿರದವರೆಗೆ ಎಣಿಸು, ಆಮೇಲೆ ಮುಂದಿನ ಸಾಲು. ಹಳೆಯ ಕಂಪ್ಯೂಟರಿನೊಳಗಿದ್ದ ಅಜ್ಜನಿಗೆ ಅದಕ್ಕೆ ಅರ್ಧ ಸೆಕೆಂಡು ಬೇಕಿತ್ತು. ಮರಿಮಗ ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸಿ, ಸರಿಯದ ಕಾಗದಕ್ಕೇ ಮತ್ತೆ ಚುಚ್ಚುತ್ತಿತ್ತು. ತಾಳಿದವನು ಬಾಳಿಯಾನು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾವ ಆ ಹತ್ತು ಸಾವಿರದ ಕೊನೆಗೆ ಒಂದು ಸೊನ್ನೆ ಸೇರಿಸಿ ಮತ್ತೊಂದು ಹಾಳೆ ಒತ್ತಿಸಿದರು. "ಇಲ್ಲ" ಎಂದರು ಅಕ್ಕ. ಎರಡನೆಯದು. "ಸಾಲದು."

"ಇನ್ನೊಂದು ಹಾಕಿದ್ರೆ ಒಂದು ಕೋಟಿ ಆಗುತ್ತೆ" ಎಂದ ಮಾವನ ಕೈ ಅಲ್ಲೇ ನಿಂತಿತು. ನನಗೂ ಮೈ ಜುಮ್ಮೆಂದಿತು. ಸೆಕೆಂಡಿಗೆ ಒಂದರಂತೆ ನಾನು ಕೋಟಿ ಎಣಿಸಲು ಕೂತರೆ, ಊಟ ನಿದ್ದೆ ಬಿಟ್ಟರೂ ಸುಮಾರು ನಾಲ್ಕು ತಿಂಗಳು. ಈ ಉಗುರಗಲದ ಪ್ರೊಸೆಸರ್‌ಗೆ ಒಂದು ಉಸಿರಿನ ಹೊತ್ತು. ಇದೆಲ್ಲ ಮಾವ ಒಬ್ಬರ ಆಯಸ್ಸಿನಲ್ಲೇ ಆಗಿಹೋಗಿತ್ತು.

"ಹಾಕು ತಮ್ಮಾ" ಎಂದರು ಅಕ್ಕ.

ಸಾಲು ಬಿತ್ತು. ಬಿಡುವು. ಮತ್ತೆ ಸಾಲು. ಅಕ್ಕ ಹಾಳೆ ತೆಗೆದುಕೊಂಡು "ಒಂದನೇ ಪ್ರಶ್ನೆ" ಎಂದು ಶುರುಮಾಡಿದವರು ಎಲ್ಲೂ ತಡವರಿಸದೆ ಕೊನೆಯವರೆಗೆ ಓದಿದರು. ಮಾವನೂ ಕಣ್ಣು ಮುಚ್ಚಿ ಅದರ ಮೇಲೆ ಬೆರಳಿಟ್ಟು ನೋಡಿದರು. ಅವರಿಗೆ ಬರೀ ತರಿತರಿ.

ಮರುದಿನ ಪರೀಕ್ಷೆಯ ಕೋಣೆಯ ಹೊರಗೆ ನಾವಿಬ್ಬರೂ ನಿಂತಿದ್ದೆವು. ಗಂಟೆ ಹೊಡೆದದ್ದೇ ತಡ, ಹನ್ನೆರಡು ಜೊತೆ ಕೈಗಳು ಹಾಳೆಗಳ ಮೇಲೆ ಹರಿಯತೊಡಗಿದವು.

"ಇವರ ವೇಗ ನೋಡೇ" ಎಂದರು ಮಾವ. ಅವರ ಕಣ್ಣು ತುಂಬಿತ್ತು.