ಕುಡಿಯದವನ ಹೆಬ್ಬೆರಳು

ಆಲ್ಕೊಳದಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆ ಅಕ್ಕನ ಗಂಡ ಕುಂಟುತ್ತಾ ಬಂದರು. ಅವರ ಮನೆ ಭದ್ರಾವತಿಯ ಕಾಗದನಗರದಲ್ಲಿ. ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿತ್ತು. ಯೂರಿಕ್ ಆಸಿಡ್ ಜಾಸ್ತಿಯಾಗಿ ಗೌಟ್ ಬಂದಿದೆ ಎಂದರು. ಅದು ಕುಡುಕರ ಕಾಯಿಲೆ ಎಂದು ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ಅವರು ಕುಡಿಯುವುದನ್ನು ನಾನೇನೂ ಕಂಡಿರಲಿಲ್ಲ; ಆದರೂ ಊಟದ ಪಂಕ್ತಿಯಲ್ಲಿ, ನೆಂಟರೆಲ್ಲರ ಎದುರಿಗೆ, "ಭಾವ, ಇನ್ನಾದ್ರೂ ಸ್ವಲ್ಪ ಕಮ್ಮಿ ಕುಡೀರಿ" ಎಂದುಬಿಟ್ಟೆ. ಒಂದಿಬ್ಬರು ನಕ್ಕರು. ಭಾವ ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದರು. ಅಕ್ಕ ನನ್ನ ಮುಖ ನೋಡದೆ ಅವರ ಹಿಂದೆಯೇ ಹೊರಟಳು.

ಎರಡು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ. ನಾನೂ ಹೋಗಲಿಲ್ಲ. ನನ್ನದು ಟ್ಯಾಕ್ಸಿ ಓಡಿಸುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಕಾರಿನಲ್ಲಿ ಕೂತಿರುವುದು, ಹಸಿವಾದರೆ ಬೋಂಡ, ಬಾಯಾರಿದರೆ ಬಾಟಲಿ ಕೂಲ್ ಡ್ರಿಂಕ್ಸ್. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿತ್ತು. ಹೆಂಡವನ್ನು ಮಾತ್ರ ಮುಟ್ಟಿದವನಲ್ಲ.

ಒಂದು ಬೆಳಿಗ್ಗೆ ಎದ್ದಾಗಲೇ ಬಲಗಾಲ ಹೆಬ್ಬೆರಳು ಚುಳುಕ್ ಎನ್ನುತ್ತಿತ್ತು. ಲೆಕ್ಕಿಸದೆ ಒಬ್ಬ ವಯಸ್ಸಾದ ಹೆಂಗಸನ್ನು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅಡ್ಡ ಬಂದ ದನಕ್ಕೆ ಬ್ರೇಕ್ ಒತ್ತಿದ್ದೇ ತಡ, ನೋವಿಗೆ ಕಣ್ಣು ಕತ್ತಲೆ ಕಟ್ಟಿತು. ದನ ಹೇಗೋ ತಪ್ಪಿಸಿಕೊಂಡಿತು. ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಏನಾಯ್ತಪ್ಪಾ?" ಎಂದರು ಆ ಅಮ್ಮ.

"ಬ್ರೇಕ್ ತುಳಿಯೋಕಾಗ್ತಿಲ್ಲಮ್ಮ. ಬೇರೆ ಗಾಡಿ ಕರೆಸ್ತೀನಿ."

ಅವರನ್ನು ಇನ್ನೊಬ್ಬ ಡ್ರೈವರ್ ಜೊತೆ ಕಳಿಸಿ ಆಸ್ಪತ್ರೆಗೆ ಹೋದೆ. ಡಾಕ್ಟರು ಬೆರಳು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಯೂರಿಕ್ ಆಸಿಡ್ ಹೆಚ್ಚಿತ್ತು, ಸಕ್ಕರೆ ಗಡಿ ದಾಟಿತ್ತು, ಬಿ.ಪಿ., ಕೊಬ್ಬು ಎರಡೂ ಮೇಲೆಯೇ.

"ನಾನು ಕುಡಿಯಲ್ಲ ಡಾಕ್ಟ್ರೇ," ಎಂದೆ, ಅವರು ಕೇಳುವ ಮೊದಲೇ.

"ಗೌಟ್ ಕುಡಿಯದೇ ಇರೋರಿಗೂ ಬರುತ್ತೆ. ಹೊಟ್ಟೆ ಬೊಜ್ಜು, ಶುಗರ್ ಇರೋರ ಕಿಡ್ನಿ ಯೂರಿಕ್ ಆಸಿಡನ್ನ ಸರಿಯಾಗಿ ಹೊರಗೆ ಹಾಕಲ್ಲ. ಮನೆತನದಲ್ಲೂ ಬರಬಹುದು. ಕೂಲ್ ಡ್ರಿಂಕ್ಸ್ ಕುಡೀತಿದ್ರೆ ಮೊದಲು ಅದನ್ನ ಬಿಡಿ."

ಔಷಧಿಗೆ ನೋವು ನಾಲ್ಕೈದು ದಿನದಲ್ಲಿ ಇಳಿಯಿತು. ಮನಸ್ಸಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಕೂತರೂ ನಿಂತರೂ ಆ ಪಂಕ್ತಿಯೇ ಕಣ್ಣ ಮುಂದೆ. ಒಂದು ಭಾನುವಾರ ಭದ್ರಾವತಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ, ಕೆಡಿಸುತ್ತಿದ್ದೆ.

ಬೆರಳ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಾಗಿಲು ತೆಗೆದ ಅಕ್ಕ ನನ್ನ ಕಾಲು ನೋಡಿದಳು. "ಏನೋ ಇದು, ನಿಂಗೂ ಬಂತೇನೋ?"

ಭಾವ ಪೇಪರಿನಿಂದ ತಲೆ ಎತ್ತಿದರು. "ಭಾವ, ಅವತ್ತು ನಾನು ಹಂಗೆ ಅನ್ನಬಾರದಿತ್ತು. ತಪ್ಪಾಯ್ತು," ಎಂದೆ. ಜೋಡಿಸಿಕೊಂಡಿದ್ದ ಉಳಿದ ಮಾತೆಲ್ಲ ಮರೆತೇ ಹೋಗಿತ್ತು.

"ನಿಂಗೆ ಬಂತು ಅಂತ ನಂಗೇನೂ ಖುಷಿ ಇಲ್ಲ ಮಾರಾಯ," ಎಂದರು ಅವರು. "ಆದ್ರೆ ಬರದೇ ಇದ್ದಿದ್ರೆ ನೀನು ಇಲ್ಲಿಗೆ ಬರ್ತಿದ್ಯಾ?"

ಅಕ್ಕ ಮಜ್ಜಿಗೆ ತಂದಿಟ್ಟಳು. ಲೋಟ ಖಾಲಿಯಾದ ಮೇಲೆ ಭಾವ, "ನೋವು ಹೋಯ್ತು ಅಂತ ಮಾತ್ರೆ ಬಿಡಬೇಡ. ನಾನು ಬಿಟ್ಟು ಅನುಭವಿಸಿದೀನಿ," ಎಂದರು.

ಈಗ ತೂಕ ಸ್ವಲ್ಪ ಇಳಿದಿದೆ, ಯೂರಿಕ್ ಆಸಿಡ್ ಹತೋಟಿಯಲ್ಲಿದೆ. ಭಾವ ಫೋನಿನಲ್ಲಿ ರಿಪೋರ್ಟಿನ ವಿಷಯ ಕೇಳುತ್ತಾರೆ. ಮನೆಗೆ ಬನ್ನಿ ಎಂದಾಗ, "ನೋಡೋಣ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಒತ್ತಾಯಿಸಲು ನನಗೆ ಬಾಯಿ ಬರುವುದಿಲ್ಲ.