ಕೆಂಪಿಯ ಎರಡು ನೀರು

ಕೆಂಪಿಯ ಉತ್ತರಕ್ಕೆ ಸೊನ್ನೆ ಹಾಕಿದವಳು ನಾನೇ. ಕೆಂಪು ಪೆನ್ಸಿಲ್ಲಿನಲ್ಲಿ, ದೊಡ್ಡದಾಗಿ. ಅವಳ ವಿಷಯ ಹೇಳುವುದಾದರೆ ಅಲ್ಲಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ನಾನೇನೋ ಅವಳಿಗೆ ದಾರಿ ತೋರಿಸಿದ ಮಹಾತಾಯಿ ಅಂತ ನೀವು ತಿಳಿದುಬಿಡುತ್ತೀರಿ.

ಅದು ಎಪ್ಪತ್ತನೇ ಇಸವಿ. ತಿರುನೆಲ್ಲಿ ಕಡೆಯ ಕಾಡಿನಲ್ಲಿ ನಕ್ಸಲರಿದ್ದಾರೆಂದು ನಮ್ಮ ಗಡಿಯೂರು ಬಾವಲಿಯ ತನಕ ಪೊಲೀಸರು ತುಂಬಿಕೊಂಡಿದ್ದರು. ಗದ್ದೆಯಿದ್ದವರು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗದ್ದೆಯಿಲ್ಲದವರು ಕತ್ತಿ ಹಿಡಿದು ಸೌದೆಗೆ ಹೋದರೂ ಲಾಠಿ ಏಟು ತಿನ್ನುತ್ತಿದ್ದರು. ನಮ್ಮದು ಗದ್ದೆಯಿದ್ದ ಮನೆ. ಮೈಸೂರು ಸೀಮೆಯಿಂದ ಯಾವ ಕಾಲದಲ್ಲೋ ಬಂದು ನೆಲೆಸಿದ ಜೈನರು ನಾವು. ಕೆಂಪಿ ಬೆಟ್ಟಕುರುಮರ ಹಾಡಿಯವಳು, ಬುಟ್ಟಿ ಹೆಣೆಯುವ ಕುಳ್ಳನ್‌ನ ಮಗಳು. ಆ ಹಾಡಿಯಲ್ಲಿ ಹತ್ತನೇ ತರಗತಿ ಪಾಸಾದವಳು ಅವಳೊಬ್ಬಳೇ.

ಒಂದು ಬೆಳಿಗ್ಗೆ ಅವಳು ನರ್ಸಿಂಗ್ ಸ್ಕೂಲಿನ ಅರ್ಜಿ ಹಿಡಿದು ನಮ್ಮ ಜಗಲಿಗೆ ಬಂದಳು. ಕೋಯಿಕ್ಕೋಡಿನಲ್ಲಿ ಮಲಯಾಳದಲ್ಲಿ ಪರೀಕ್ಷೆ, ಆಮೇಲೆ ಸಂದರ್ಶನ. ಮುನ್ನೂರು ಹುಡುಗಿಯರಿಗೆ ಇಪ್ಪತ್ತು ಸೀಟು. ಅಪ್ಪ ಕಾಯಿಲೆ ಬಿದ್ದು ನಡುವೆ ಓದು ನಿಂತಿದ್ದರಿಂದ ವಯಸ್ಸಿನ ಮಿತಿಗೆ ಅವಳಿಗೆ ಅದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಮತ್ತೆ ಬಿದಿರು, ಬುಟ್ಟಿ, ಅಷ್ಟೇ.

"ಸರೋಜಕ್ಕ, ನಿಮ್ಮ ಹತ್ರ ಆ ಪರೀಕ್ಷೆ ಪುಸ್ತಕ ಉಂಟಲ್ಲ," ಅಂದಳು. "ನಿಮ್ಗೆ ಹೆಂಗೂ ಬೇಡ."

ಮಾತು ಚುಚ್ಚಿತು. ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಚುಚ್ಚಿತು. ಅದೇ ಪರೀಕ್ಷೆ ಬರೆಯಬೇಕೆಂದು ಆಸೆಪಟ್ಟು ಆ ಪುಸ್ತಕ ತರಿಸಿದ್ದವಳು ನಾನು. ಕಂಡವರ ಮೈ ಮುಟ್ಟುವ ಕೆಲಸ ಬೇಡ ಎಂದು ತಡೆದವರು ನಮ್ಮಪ್ಪ ಪದ್ಮಪ್ಪ. ಈಗಲೂ ಅಪ್ಪ ಗೊಣಗಿದರು, "ಇಂಥಾ ಕಾಲ್ದಲ್ಲಿ ಹಾಡಿಯೋರನ್ನ ಜಗಲೀಲಿ ಕೂರ್ಸ್ಕೊಂಡು ಪಾಠವಾ?"

"ಹಾಗಾದ್ರೆ ನನ್ನೇ ಕಳ್ಸಪ್ಪ," ಅಂದೆ. ಅಪ್ಪ ಟವೆಲ್ ಕೊಡವಿಕೊಂಡು ಗದ್ದೆಗೆ ಹೋದರು.

ಹದಿನೈದು ದಿನ ಓದಿಸಿ ಒಂದು ಮಾದರಿ ಪರೀಕ್ಷೆ ಕೊಟ್ಟೆ. ರೋಗಿಯ ಕಾಲಿನಲ್ಲಿ ನೀರಿದ್ದರೆ ಏನು ಮಾಡುವೆ ಎಂಬುದು ಅದರಲ್ಲಿ ಒಂದು ಪ್ರಶ್ನೆ. ಮಲಯಾಳದಲ್ಲಿ ನೀರು ಅಂದರೆ ಊತ. ಕುಡಿಯುವುದಕ್ಕೆ ಅವರು ವೆಳ್ಳಂ ಅನ್ನುತ್ತಾರೆ. ಕೆಂಪಿ ಹೀಗೆ ಬರೆದಿದ್ದಳು: ಒಣ ಬಟ್ಟೆಯಿಂದ ಒರೆಸಬೇಕು, ಬೆರಳ ಸಂದು ಬಿಡಬಾರದು.

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಅರ್ಥ ಹೇಳಿ ಸೊನ್ನೆ ಹಾಕಿದೆ. ಆ ನಗು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ನಗಲಿಲ್ಲ. ಸೊನ್ನೆಯನ್ನೇ ನೋಡುತ್ತಾ ಕೂತಿದ್ದು ಕೊನೆಗೆ, "ಓ, ಹಂಗಾ ಕಾರ್ಯ! ಅದಕ್ಕಾ ಅವ್ರು ಅಪ್ಪನ ಕಾಲು ಒತ್ತಿದ್ದು!" ಅಂದಳು.

ಆಗ ತಿಳಿಯಿತು. ನಾಲ್ಕು ವರ್ಷದ ಹಿಂದೆ ದೂರದ ಕಾಡಿನ ಕೂಪಿಗೆ ಬಿದಿರು ಕಡಿಯಲು ಹೋದ ಕುಳ್ಳನ್‌ಗೆ ವಾಂತಿ ಭೇದಿ ಹತ್ತಿತ್ತು. ಹೊತ್ತೊಯ್ದ ಡಿಸ್ಪೆನ್ಸರಿಯಲ್ಲಿ ಅವನು ನೀರು ನೀರು ಎಂದು ನರಳಿದ. ತೆಂಕಣ ಸೀಮೆಯಿಂದ ಹೊಸದಾಗಿ ಬಂದಿದ್ದ ಮಲಯಾಳಿ ಕಂಪೌಂಡರು ಕಾಲು ಒತ್ತಿ ನೋಡಿ, ನೀರಿಲ್ಲ, ಸುಮ್ಮನೆ ಮಲಗು ಅಂದನಂತೆ. ಒಂದು ಹಗಲಿಡೀ ಒಂದು ಗುಟುಕಿಲ್ಲ. ಸಂಜೆ ಗಂಜಿ ತಂದ ಕೆಂಪಿ ಬಾಯಿಗೆ ಹನಿಹನಿ ಬಿಟ್ಟು ಬದುಕಿಸಿಕೊಂಡಳು. ನಾಲ್ಕು ವರ್ಷ ಅವಳು ಆ ಕಂಪೌಂಡರನ್ನು ಕಟುಕ ಎಂದುಕೊಂಡಿದ್ದಳು.

"ಪಾಪ, ಅವ್ರದ್ದು ತಪ್ಪಲ್ಲ ಅಕ್ಕಾ. ಅವ್ರಿಗೆ ಗೊತ್ತಿಲ್ಲ," ಅಂದಳು. ನನಗಂತೂ ಅವನನ್ನು ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಮರುದಿನವೇ ಒಂದು ನೋಟುಬುಕ್ಕು ಶುರುವಾಯಿತು. ಹಾಡಿಯ ಮುದುಕಿಯರನ್ನೆಲ್ಲ ಕೇಳಿ ಕೇಳಿ, ಮಲಯಾಳದಲ್ಲೂ ಹಾಡಿಯ ಮಾತಿನಲ್ಲೂ ಒಂದೇ ಥರ ಕೇಳಿಸಿ ಅರ್ಥ ಬೇರೆಯಾಗುವ ಮಾತುಗಳನ್ನು ಮಲಯಾಳದಲ್ಲೇ ಬರೆದಳು. ನೀರು: ಅಲ್ಲಿ ಕಾಲಿನಲ್ಲಿ, ಇಲ್ಲಿ ಹೊಳೆಯಲ್ಲಿ. ಪನಿ: ಅಲ್ಲಿ ಜ್ವರ, ಇಲ್ಲಿ ಹುಲ್ಲಿನ ಮೇಲಿನ ಹನಿ. ಅಡಿ: ಅಲ್ಲಿ ಏಟು, ಇಲ್ಲಿ ಪಾದ. ಪರೀಕ್ಷೆಯ ಹೊತ್ತಿಗೆ ನಲವತ್ತಾರು ಮಾತಾಗಿತ್ತು. ನನ್ನ ಪುಸ್ತಕಕ್ಕಿಂತ ಅದನ್ನೇ ಅವಳು ಹೆಚ್ಚು ಓದಿದಳು.

ಪರೀಕ್ಷೆಗೆ ನಾನೂ ಜೊತೆಗೆ ಹೊರಟೆ. ಮಾನಂತವಾಡಿಯ ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲಗಳನ್ನು ಸುರಿಸಿದರು. ಹೆಡ್ ಕಾನ್‌ಸ್ಟೇಬಲ್ ನೋಟುಬುಕ್ಕು ತೆರೆದು ಗಟ್ಟಿಯಾಗಿ ಓದಿದ, "ಅಲ್ಲಿ ಕಾಲಿನಲ್ಲಿ, ಇಲ್ಲಿ ಹೊಳೆಯಲ್ಲಿ... ಅಲ್ಲಿ ಏಟು..." ಅವನ ಮುಖ ಅರಳಿತು. ಗುಪ್ತ ಸಂಕೇತ ಸಿಕ್ಕಿಬಿಟ್ಟಿತ್ತಲ್ಲ!

"ಯಾವ ಹೊಳೆ? ಅಲ್ಲಿ ಅಂದರೆ ಎಲ್ಲಿ? ಏಟು ಯಾರಿಗೆ?"

ನಾನು ನನ್ನ ಮಲಯಾಳವನ್ನೆಲ್ಲ ಖರ್ಚು ಮಾಡಿ ವಿವರಿಸಿದೆ, ಜಗಳವಾಡಿದೆ. ಕೆಂಪಿ ಮಾತ್ರ ಸಮಾಧಾನದಿಂದ ಹಾಲ್ ಟಿಕೆಟ್ ತೋರಿಸಿದಳು. ಅವನು ಅದನ್ನು ತಿರುಗಾಮುರುಗಾ ನೋಡಿ ನಮ್ಮನ್ನು ಬಿಟ್ಟ, ನೋಟುಬುಕ್ಕು ಬಿಡಲಿಲ್ಲ.

ಬಸ್ಸು ಹೊರಟ ಮೇಲೆ ನನಗೆ ಅಳುವೇ ಬಂತು. ಕೆಂಪಿ ನನ್ನ ಕೈ ಅದುಮಿದಳು. "ಇಟ್ಕೊಳ್ಳಲಿ ಅಕ್ಕಾ. ಬರೆಯುವಾಗ್ಲೇ ತಲೇಲಿ ಕೂತಿದೆ." ಆಮೇಲೆ, "ಅವ್ರ ಕಾಲು ನೋಡಿದ್ರಾ? ಬೂಟಿನ ದಾರ ಬಿಚ್ಚಿಕೊಂಡಿದ್ರು. ನೀರುಂಟು. ಅವ್ರ ನೀರು," ಅಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಬರವಣಿಗೆಯ ಪರೀಕ್ಷೆ ಸಲೀಸಾಗಿ ಮುಗಿಯಿತು. ಮರುದಿನ ಸಂದರ್ಶನ. ನಾನು ಹೊರಗಿನ ಬೆಂಚಿನಲ್ಲಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಹಿರಿಯ ನರ್ಸ್ ಓಮನ ಎಂಬವರು ಅರ್ಜಿ ನೋಡಿ, "ಕಾಡಿನ ಕಡೆಯಿಂದ ಬಂದಿದ್ದೀಯ. ಮನೆಯಲ್ಲಿ ಬೇರೆ ಭಾಷೆ. ಇಲ್ಲಿಯ ರೋಗಿಗಳ ಮಾತು ನಿನಗೆ ತಿಳಿಯುತ್ತದೆಯೇ?" ಎಂದು ಕೇಳಿದರು.

"ತಿಳಿಯುತ್ತದೆ ಸಿಸ್ಟರ್. ನಮ್ಮ ರೋಗಿಗಳ ಮಾತು ಇಲ್ಲಿಯವರಿಗೆ ತಿಳಿಯುವುದಿಲ್ಲ," ಅಂದಳು ಕೆಂಪಿ, ಚೊಕ್ಕ ಮಲಯಾಳದಲ್ಲಿ. ಮುಗಿಯಿತು ಕಥೆ, ಎಂದುಕೊಂಡೆ.

"ಅಂದರೆ?"

"ರೋಗಿ ನೀರು ಅಂದರೆ ಮೊದಲು ನಾಲಿಗೆ ನೋಡಬೇಕು. ಒಣಗಿದ್ದರೆ ಅದು ನಮ್ಮ ನೀರು, ಕುಡಿಸಬೇಕು. ಆಮೇಲೆ ಕಾಲು ಒತ್ತಬೇಕು. ಗುಳಿ ಬಿದ್ದರೆ ನಿಮ್ಮ ನೀರು, ಕಾಲು ಎತ್ತಿಟ್ಟು ಡಾಕ್ಟರನ್ನು ಕರೆಯಬೇಕು." ಆಮೇಲೆ ಅಪ್ಪನ ಕಥೆ ಹೇಳಿದಳು. ಅಳಲಿಲ್ಲ, ಯಾರನ್ನೂ ದೂರಲಿಲ್ಲ.

ಓಮನ ಸಿಸ್ಟರ್, "ಇಂಥ ಮಾತು ಇನ್ನೂ ಇವೆಯೇ?" ಅಂದರು. ನಲವತ್ತಾರು, ಅಂದಳು ಕೆಂಪಿ. ಅವರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

ತಿಂಗಳೊಳಗೆ ಸೀಟು ಸಿಕ್ಕಿದ ಕಾಗದ ಬಂತು. ಕಾಗದದ ಜೊತೆ ಆ ಹಳೆಯ ಮಾದರಿ ಉತ್ತರವನ್ನೂ ಹಿಡಿದು ಕೆಂಪಿ ಜಗಲಿ ಹತ್ತಿದಳು.

"ಇದನ್ನ ತಿದ್ದಿ ಕೊಡಿ ಅಕ್ಕಾ."

ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹತ್ತಕ್ಕೆ ಹತ್ತು ಎಂದು ಬರೆದೆ. ಅವಳು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅದನ್ನೂ ಹೊಡೆದು ಐದು ಮಾಡಿದಳು.

"ಯಾವ ನೀರು ಅಂತ ಕೇಳ್ಳಿಲ್ಲ ನೋಡಿ, ನಾನೂವೆ," ಅಂದಳು.