ಅಮ್ಮ ಕೊಟ್ಟದ್ದು ಬಲಗಡೆಯ ಹೂವೇ, ಸುಳ್ಳು ಹೇಳಿದವಳು ನಾನು

ಮುತ್ಯಾಲಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೋದ ಕಾರ್ತಿಕದಲ್ಲಿ ನನ್ನ ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ನಲವತ್ತು ವರ್ಷ ಎಲೆಅಡಿಕೆಯ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಂಡ ಜಾಗ ಅದು. ಬೆಂಗಳೂರಿನ ಡಾಕ್ಟರು, "ಅಜ್ಜಿ, ಇನ್ನೂ ಚಿಕ್ಕದಿದೆ, ಹದಿನೈದು ದಿನದೊಳಗೆ ಬಂದ್ಬಿಡಿ, ತೆಗೆದ್ಬಿಡ್ತೀವಿ" ಅಂದರು. ಕೆನ್ನೆ ಕುಯ್ಯುತ್ತಾರೆ ಎಂದು ಕೇಳಿದ್ದೇ ನಾನು ಹೆದರಿ ಎದ್ದುಬಂದೆ. ದೇವನಹಳ್ಳಿ ಬಸ್ಸಿನಲ್ಲಿ ಸೊಸೆ ಮಂಜುಳ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. "ಅಮ್ಮನ್ನ ಒಂದ್ಮಾತು ಕೇಳ್ಬಿಡ್ತೀನಿ ಕಣೇ" ಅಂದೆ.

ಕುಂದಾಣದ ಕಡೆ ನಮ್ಮೂರ ಮುತ್ಯಾಲಮ್ಮನ ಗುಡಿಯಲ್ಲಿ ಕೇಳುವುದು ಹೀಗೆ. ಪೂಜಾರಪ್ಪ ಅಮ್ಮನ ಎರಡೂ ಭುಜಕ್ಕೆ ನೆನೆಸಿದ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಬೇಡ. ನಾನು ಕಣ್ಣು ಮುಚ್ಚಿ, "ತಾಯಿ, ಆಪರೇಷನ್ನಿಗೆ ಹೋಗಲಾ?" ಎಂದು ಕೇಳಿಕೊಂಡೆ. ಕಣ್ಣು ಬಿಡುವ ಮೊದಲೇ ಬಲಗಡೆಯ ಹೂ ಬಿತ್ತು. ಬಿದ್ದ ಹೂವನ್ನು ಎಲ್ಲರೂ ಕಂಡರು. ಕೇಳಿದ ಮಾತು ನನಗೂ ಅಮ್ಮನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಏನ್ ಕೇಳ್ದಮ್ಮಾ?" ಅಂದ ಮಗ ನಾಗರಾಜ.

"ಆಪರೇಷನ್ ಬಿಟ್ಬಿಡ್ಲಾ ಅಂತ ಕೇಳ್ದೆ ಕಣಪ್ಪ. ಬಿಡು ಅಂದ್ಲು."

ಗುಡಿಯೊಳಗೇ ನಿಂತು ಹೇಳಿದೆ. ನಾಲಿಗೆ ತಡವರಿಸಲೂ ಇಲ್ಲ.

ಮಗ ದೇವರ ಮಾತೆಂದು ಒಪ್ಪಿಕೊಂಡ. ಮಂಜುಳ, "ಸಾಯ್ಲಿ ಅನ್ನೋ ದೇವ್ರು ಯಾವ್ ಸೀಮೆ ದೇವ್ರತ್ತೆ?" ಎಂದು ಮಂಗಳವಾರ ಗುಡಿಗೆ ಹೋಗುವುದನ್ನೇ ಬಿಟ್ಟಳು. ನಾನು ಯಾವುದೋ ಸೊಪ್ಪಿನ ರಸ ಮುಕ್ಕಳಿಸಿಕೊಂಡು ಎರಡು ತಿಂಗಳು ಕಳೆದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಾಕಿಕೊಳ್ಳಲು ಬಾಯಿ ತೆರೆಯಲು ಆಗಲಿಲ್ಲ. ಹತ್ತಿರ ಬಂದ ಮೊಮ್ಮಗಳು ಧನ್ಯ ಮೂಗು ಮುಚ್ಚಿಕೊಂಡು, "ಅಜ್ಜಿ, ನಿನ್ ಬಾಯಿ ನಾತ" ಎಂದು ಓಡಿಹೋಯಿತು.

ಮಾರನೆಯ ದಿನ ಗುಡಿಗೆ ಹೋದರೆ ಒಳಗೆ ಮಂಜುಳ. ಏರ್‌ಪೋರ್ಟಿನ ಕೆಲಸದಿಂದ ನೇರ ಬಂದಿದ್ದಳು, ಯೂನಿಫಾರಂ ಕೂಡ ಬದಲಾಯಿಸಿರಲಿಲ್ಲ. ನನ್ನನ್ನು ನೋಡಲಿಲ್ಲ. ಅಮ್ಮನ ಜೊತೆ ಜಗಳಕ್ಕೆ ನಿಂತಿದ್ದಳು. "ನಿಂಗೇನ್ ಕಣ್ಣಿಲ್ವಾ? ಅವ್ರು ನಿನ್ ಮಾತ್ ಬಿಟ್ರೆ ಯಾರ್ ಮಾತೂ ಕೇಳಲ್ಲ. ನೀನೇ ಮಾತ್ ಬದಲಾಯ್ಸು. ಹೆತ್ತೋಳಂತೂ ಇಲ್ಲ, ನಂಗಿರೋದು ಅವ್ರೊಬ್ರೇ."

ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಆಗಲೂ ನಿಜ ಹೇಳುವ ಧೈರ್ಯ ಬರಲಿಲ್ಲ. ಮನೆಗೆ ಬಂದು, "ಅಮ್ಮ ಕನಸಲ್ಲಿ ಬಂದು ಹೋಗು ಅಂದ್ಲು" ಎಂದು ಇನ್ನೊಂದು ಸುಳ್ಳು ಹೇಳಿದೆ. ಮಂಜುಳ ಅಳುತ್ತಲೇ ನಗುತ್ತ ಬ್ಯಾಗಿಗೆ ಬಟ್ಟೆ ತುಂಬಿದಳು.

ಅಷ್ಟರಲ್ಲಿ ಆ ಹುಣ್ಣು ದವಡೆಗೂ ಹತ್ತಿತ್ತು. ಎಡಗಡೆ ದವಡೆ ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಬಾಯಿಂದ ಮಾತು ಹೊರಡುತ್ತಿರಲಿಲ್ಲ, ಮೂರು ವಾರ ಮೂಗಿನ ಪೈಪಿನಲ್ಲಿ ರಾಗಿ ಗಂಜಿ. ಹಾಕುತ್ತಿದ್ದವಳು ಮಂಜುಳ. "ಬಿಸಿ ಆಯ್ತಾ ಅತ್ತೆ?" ಎಂದು ಅವಳು ಕೇಳಿದಾಗಲೆಲ್ಲ ನಾನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ. ನೋವಿಗೆ ಎಂದುಕೊಳ್ಳುತ್ತಿದ್ದಳು, ಪಾಪ. "ನನ್ನ ಮಾತು ತಿರುಗಿ ಕೊಡು ತಾಯಿ, ಮೊದಲ ಮಾತಿನಲ್ಲೇ ನಿಜ ಹೇಳುತ್ತೇನೆ" ಎಂದು ಹರಕೆ ಹೊತ್ತೆ.

ತಾಯಿ ಕೊಟ್ಟಳು. ಕತ್ತಿಗೆ ಹರಡಿಲ್ಲ ಎಂದು ರಿಪೋರ್ಟು ಬಂತು. ಆರು ವಾರ ಕರೆಂಟು, ಅದೇ ರೇಡಿಯೇಷನ್ನು, ಕೊಡಿಸಿಕೊಂಡು ಮನೆಗೆ ಬಂದ ಮೇಲೆ ಮಾತೂ ತಿಳಿಯಾಯಿತು. ಈಗ ಹಸು ಕರೆದು ನಾನೇ ಡೈರಿಗೆ ಹಾಲು ಹಾಕುತ್ತೇನೆ. ಮುದ್ದೆ ನುಂಗುವುದಕ್ಕೆ ದವಡೆ ಏಕೆ ಬೇಕು! ಧನ್ಯ ನನ್ನ ಮಡಿಲು ಬಿಟ್ಟು ಇಳಿಯುವುದಿಲ್ಲ. ನನ್ನ ಸಂತೋಷಕ್ಕೆ ಪಾರವಿಲ್ಲ. ಆದರೆ ಹರಕೆ ಮಾತ್ರ ತೀರಿಸಲಿಲ್ಲ. ಇವತ್ತು, ನಾಳೆ ಎಂದು ತಳ್ಳುತ್ತಲೇ ಬಂದೆ.

ಒಂದು ದಿನ ಪಕ್ಕದ ಮನೆ ಲಕ್ಷ್ಮಕ್ಕ ಬಂದಳು. ಎದೆಯಲ್ಲಿ ಗಂಟಂತೆ. "ನಿಂಗೆ ಮೊದ್ಲು ಬೇಡ ಅಂದು, ಆಮೇಲೆ ಕನಸಲ್ಲಿ ಬಂದು ಕಳ್ಸುದ್ಲಲ್ಲಕ್ಕಾ, ನಂಗೂ ಬರ್ಲಿ ಅಂತ ಕಾಯ್ತಾ ಇವ್ನಿ" ಅಂದಳು.

ಅವಳ ಕೈ ಹಿಡಿದು ಕೂರಿಸಿದೆ. ಅಲ್ಲೇ ಜಗಲಿಯ ಮೇಲೆ, ಅವಳ ಮುಂದೆ, ಮಂಜುಳನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

ಮಂಜುಳ ಎದ್ದು ಒಳಗೆ ಹೋದಳು. ಎರಡು ದಿನ ಹೊತ್ತಿಗೆ ಸರಿಯಾಗಿ ತಟ್ಟೆ ಇಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಮಂಗಳವಾರ ತಲೆಗೆ ನೀರು ಹಾಕಿಕೊಂಡು, ತೆಂಗಿನಕಾಯಿ ಹಿಡಿದು ಬಂದು ನಿಂತಳು.

"ನಡೀರತ್ತೆ. ನಿಮ್ಮನ್ನ ಬಯ್ಬೇಕಾದ್ದನ್ನೆಲ್ಲಾ ಆ ತಾಯಿಗೆ ಬೈದ್ಬಿಟ್ಟಿದೀನಿ. ತಪ್ಪಾಯ್ತು ಅಂತ ಹೇಳ್ಬೇಕು."

"ನನ್ನೂ ಬಯ್ಯೇ" ಅಂದೆ.

"ದಾರೀಲಿ ಬಯ್ತೀನಿ, ಎದ್ದೇಳಿ."

ಗುಡಿಯವರೆಗೂ ಬೈದಳು. ಅಷ್ಟು ಹಿತವಾಗಿ ನನ್ನನ್ನು ಯಾರೂ ಬೈದಿಲ್ಲ.

ಆ ವಾರವೇ ಲಕ್ಷ್ಮಕ್ಕ ಆಸ್ಪತ್ರೆಗೆ ಹೋದಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದದ್ದರಲ್ಲಿ ತಪ್ಪಿದ್ದರೆ ಮನ್ನಿಸಿ. ಮುತ್ಯಾಲಮ್ಮ ಮೊದಲ ದಿನವೇ ಹೋಗು ಅಂದಿದ್ದಳು. ಅವಳ ಮಾತು ಮುರಿದು, ಅವಳ ಹೆಸರಿಗೇ ಮಸಿ ಬಳಿದ ನನ್ನನ್ನು ಅವಳು ಕೈಬಿಡಲಿಲ್ಲ. ಆ ಮಸಿಯನ್ನು ಇವತ್ತು ನಿಮ್ಮೆಲ್ಲರ ಎದುರಿಗೆ ಒರೆಸಿದ್ದೇನೆ.